ನಾಲ್ಕನೆಯ ತೊಟ್ಟಿ

ಫೆಬ್ರವರಿ ೩

ಅತ್ತಿಗೆಗೆ ನಮಸ್ಕಾರ.

ನಿಮ್ಮ ಪಾರ್ಸೆಲ್ ಬಂದಾಗಲೆಲ್ಲ ನಮ್ಮ ಪ್ರಯೋಗಾಲಯದಲ್ಲಿ ಒಂದು ಸುತ್ತು ನಗು. ಎಲ್ಲರೂ ಸೀಸೆಗಳನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದರೆ ನೀವು ಕಾಲುಚೀಲದಲ್ಲಿ ತುರುಕಿ ಕಳಿಸುತ್ತೀರಿ. ಒಂದೂ ಒಡೆದಿಲ್ಲ ಅನ್ನುವುದು ಬೇರೆ ಮಾತು. ಕಂದು ಬಣ್ಣದ್ದು ಅಣ್ಣನದು ಎಂದು ಗುರುತು ಹಿಡಿದೆ. ಅದನ್ನು ವಾಪಸು ಕಳಿಸುವುದಿಲ್ಲ, ನನ್ನ ಮೇಜಿನ ಖಾನೆಯಲ್ಲಿದೆ.

ಈ ಸಲ ಆರೂ ತೊಟ್ಟಿಗಳಿಂದ ಇಪ್ಪತ್ತಿಪ್ಪತ್ತು ಮೀನುಗಳ ಬಾಲದ ತುದಿಯ ಚೂರು ಬೇಕು. ಯಾಕೆಂದು ಹೇಳುತ್ತೇನೆ. ಹೊಳೆಯನ್ನು ಕಾಲುವೆಗೆ ತಿರುಗಿಸಿದ ವರ್ಷ ಅಣ್ಣ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಹಿಡಿದು ತಂದನಲ್ಲ, ಆ ಮೀನುಗಳಲ್ಲಿ ಅರ್ಧಕ್ಕರ್ಧಕ್ಕೆ ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಇತ್ತು. ಅವನ್ನೇ ಆರು ಪಾಲು ಮಾಡಿ ಸಾಕಣೆ ಕೇಂದ್ರದ ಆರು ತೊಟ್ಟಿಗೆ ಬಿಟ್ಟ. ಒಂಬತ್ತು ವರ್ಷ ಕಳೆದಿದೆ. ಈಗ ಐದು ತೊಟ್ಟಿಗಳಲ್ಲಿ ಚುಕ್ಕೆಯಿರುವವೂ ಇವೆ, ಇಲ್ಲದವೂ ಇವೆ. ನಾಲ್ಕನೆಯದರಲ್ಲಿ ಮಾತ್ರ ಒಂದಕ್ಕೂ ಚುಕ್ಕೆಯಿಲ್ಲ. ನೀವು ಗಮನಿಸಿಯೇ ಇರುತ್ತೀರಿ. ಅಣ್ಣ ಹೋದ ಮೇಲೆ ಕೇಂದ್ರದಲ್ಲಿ ಅವನ ಕೆಲಸ ವಹಿಸಿಕೊಂಡು ಮೂರು ವರ್ಷದಿಂದ ಅವುಗಳ ಜೊತೆಗೇ ಇದ್ದೀರಿ.

ಅಣ್ಣನ ದಿನಚರಿ ಪುಸ್ತಕಗಳನ್ನೂ ಕಳಿಸಿ. ತೊಟ್ಟಿಯಲ್ಲಿ ಪ್ರತಿ ತಿಂಗಳು ಎಷ್ಟು ಮೀನಿದ್ದವು, ಎಷ್ಟು ಬೆಳೆದವು, ಅವನು ಬರೆದದ್ದೆಲ್ಲ ಬೇಕು. ಅಮ್ಮನ ಮಂಡಿನೋವು ಹೇಗಿದೆ?

ನಿಮ್ಮ ಗುಬ್ಬಿ

•

ಫೆಬ್ರವರಿ ೧೯

ಗುಬ್ಬಿ,

ನಲವತ್ತು ದಾಟಿದವನನ್ನು ಇನ್ನೂ ಗುಬ್ಬಿ ಎಂದು ಬರೆಯಲು ನನಗೇ ನಾಚಿಕೆಯಾಗುತ್ತದೆ, ಆದರೆ ನೀನೇ ಹಾಗೆ ಸಹಿ ಹಾಕುತ್ತೀಯ. ನೂರಿಪ್ಪತ್ತು ಸೀಸೆ ಕಳಿಸಿದ್ದೇನೆ. ತೊಟ್ಟಿಯ ನಂಬರು ಮುಚ್ಚಳದ ಮೇಲಿದೆ. ಕಾಲುಚೀಲ ಮುಗಿದವು, ಈ ಸಲ ದಿಂಬಿನ ಚೀಲ.

ಅತ್ತೆಯ ಮಂಡಿ ಹಾಗೇ ಇದೆ. ಬೆಳಗ್ಗೆ ರೇಡಿಯೊದಲ್ಲಿ ವಾರ್ತೆ ಓದುವವಳ ಜೊತೆ ಜಗಳವಾಡುತ್ತಾರೆ, ಸಂಜೆಗೆ ಅವಳ ಮೇಲೆ ಕನಿಕರಪಡುತ್ತಾರೆ. ಪಕ್ಕದ ಮನೆಯ ಹೊಲಿಗೆಯವಳಿಗೆ ಮೊನ್ನೆ ಹೇಳುತ್ತಿದ್ದರು, "ನನ್ನ ದೊಡ್ಡ ಮಗ ಇದ್ದಾಗ ಇಲ್ಲಿ ಒಂದು ಮೀನೂ ಸತ್ತಿಲ್ಲ ಕಣೇ, ಬೇಕಾದ್ರೆ ಪುಸ್ತಕ ತೆಗೆದು ನೋಡು." ಅವಳು ಪಾಪ ಯಾವ ಪುಸ್ತಕ ನೋಡಬೇಕು.

ದಿನಚರಿಗಳು ಕಪಾಟಿನ ಕೆಳಗಿನ ಖಾನೆಯಲ್ಲಿದ್ದವು. ಗೋಡೆಯಿಂದ ನೀರು ಒಸರಿ ಕೆಲವು ಹಾಳೆ ಅಂಟಿಕೊಂಡಿವೆ. ಬಿಡಿಸಿ, ಒಣಗಿಸಿ, ನೋಡುತ್ತೇನೆ. ಅವಸರವೇನಿಲ್ಲವಲ್ಲ?

ಚುಕ್ಕೆ ಹೋದರೆ ಹೋಯಿತು. ಅದರಿಂದ ಏನಾಗಬೇಕಾಗಿದೆ?

ಅತ್ತಿಗೆ

•

ಮಾರ್ಚ್ ೬

ಅತ್ತಿಗೆ,

ಏನಾಗಬೇಕಾಗಿದೆ ಎಂದು ಕೇಳಿದಿರಿ! ಇಲ್ಲಿ ನಾನು ಊಟ ಬಿಟ್ಟು ಕೂತಿದ್ದೇನೆ.

ನಾಲ್ಕನೆಯ ತೊಟ್ಟಿ ಗೋಡೆಯ ಮೂಲೆಯಲ್ಲಿದೆ, ಅಲ್ಲಿ ಬೆಳಕು ಕಡಿಮೆ. ಕತ್ತಲೆ ನೀರಿನಲ್ಲಿ ಕಪ್ಪು ಚುಕ್ಕೆ ಯಾರಿಗೂ ಕಾಣುವುದಿಲ್ಲ. ಕಾಣದ ಚುಕ್ಕೆಯನ್ನು ಮಾಡಿಕೊಳ್ಳಲು ಮೀನಿನ ಮೈ ಯಾಕೆ ಖರ್ಚು ಮಾಡಬೇಕು? ಚುಕ್ಕೆಯಿಲ್ಲದವು ಆ ಶಕ್ತಿಯನ್ನು ಬೆಳವಣಿಗೆಗೆ ಹಾಕಿದವು, ಹೆಚ್ಚು ಮರಿ ಮಾಡಿದವು. ಚುಕ್ಕೆಯವು ಹಿಂದೆ ಬಿದ್ದು ಇಲ್ಲವಾದವು. ಇದಕ್ಕೆ ನಿಸರ್ಗದ ಆಯ್ಕೆ ಎನ್ನುತ್ತೇವೆ. ಒಂಬತ್ತೇ ವರ್ಷದಲ್ಲಿ, ನಮ್ಮ ಕಣ್ಣೆದುರಿಗೆ, ಅಣ್ಣ ಕಟ್ಟಿದ ತೊಟ್ಟಿಯಲ್ಲಿ ಅದು ನಡೆದಿದೆ! ನಾಲ್ಕನೆಯ ತೊಟ್ಟಿಯ ಮೀನುಗಳು ನಡುವೆ ಎರಡು ವರ್ಷ ಉಳಿದವಕ್ಕಿಂತ ದಪ್ಪ ಬೆಳೆದವು ಎಂದು ಅಣ್ಣ ಒಮ್ಮೆ ಫೋನಿನಲ್ಲಿ ಹೇಳಿದ್ದು ನೆನಪಿದೆ. ಎಲ್ಲವೂ ಹೊಂದುತ್ತದೆ.

ಪ್ರಬಂಧ ಬರೆಯುತ್ತಿದ್ದೇನೆ. ಅದನ್ನು ಅಣ್ಣನಿಗೇ ಅರ್ಪಿಸುತ್ತೇನೆ. ಕಾಲೇಜಿನ ಮೆಟ್ಟಿಲು ಹತ್ತದವನ ಹೆಸರು ಓದಿದವರ ಪತ್ರಿಕೆಯಲ್ಲಿ ಬರಲಿ. ದಿನಚರಿ ಒಣಗಿದಷ್ಟು ಒಣಗಲಿ, ಹಾಗೇ ಕಳಿಸಿಬಿಡಿ.

ಗುಬ್ಬಿ

•

ಮಾರ್ಚ್ ೨೮

ಗುಬ್ಬಿ,

ಒಂಬತ್ತರಲ್ಲಿ ಆರು ಪುಸ್ತಕ ನಿನ್ನ ಅಣ್ಣನವು, ಮೂರು ನನ್ನವು. ಎಲ್ಲ ಕಳಿಸಿದ್ದೇನೆ. ಅಂಟಿದ ಹಾಳೆ ಎರಡೇ.

ಒಂದು ಮಾತು ಕೇಳುತ್ತೇನೆ, ನಗಬೇಡ. ಯಾವ ಕಾರಣವೂ ಇಲ್ಲದೆ ಚುಕ್ಕೆ ಹೋಗಲು ಆಗುವುದಿಲ್ಲವೇ? ಒಳ್ಳೆಯದು ಉಳಿಯಿತು, ಕೆಟ್ಟದ್ದು ಹೋಯಿತು ಎಂದಲ್ಲ. ಸುಮ್ಮನೆ.

ಅತ್ತಿಗೆ

•

ಏಪ್ರಿಲ್ ೧೧

ಅತ್ತಿಗೆ,

ನಗುವುದಿರಲಿ, ನನ್ನ ವಿದ್ಯಾರ್ಥಿಗಳು ಮೂರು ತಿಂಗಳ ಪಾಠದ ನಂತರ ಕೇಳುವ ಪ್ರಶ್ನೆಯನ್ನು ನೀವು ಬಲೆ ತೊಳೆಯುತ್ತ ಕೇಳಿದ್ದೀರಿ.

ಆಗುತ್ತದೆ. ಹತ್ತೇ ಮೀನಿರುವ ತೊಟ್ಟಿ ಎಂದುಕೊಳ್ಳಿ, ಐದಕ್ಕೆ ಚುಕ್ಕೆ. ಒಂದು ಮೀನು ಕೊಳವೆಗೆ ಸಿಕ್ಕಿ ಸಾಯುತ್ತದೆ. ಇನ್ನೊಂದರ ಮೊಟ್ಟೆಗೆ ಬೂಷ್ಟು ಹಿಡಿಯುತ್ತದೆ. ಆ ಎರಡಕ್ಕೂ ಚುಕ್ಕೆ ಇದ್ದದ್ದು ಬರೀ ಆಕಸ್ಮಿಕ. ಮುಂದಿನ ತಲೆಮಾರಿನಲ್ಲಿ ಚುಕ್ಕೆ ಮೂರಕ್ಕೆ ಇಳಿಯುತ್ತದೆ. ಅದರ ಮುಂದಿನದರಲ್ಲಿ ಆರಕ್ಕೂ ಏರಬಹುದು, ಒಂದಕ್ಕೂ ಇಳಿಯಬಹುದು. ಹೀಗೆ ಏರಿಳಿದು ಒಮ್ಮೆ ಸೊನ್ನೆ ಮುಟ್ಟಿತೋ, ಮುಗಿಯಿತು. ಇಲ್ಲದ್ದನ್ನು ಮರಿಗೆ ಕೊಡಲು ಯಾರಿಂದಲೂ ಆಗುವುದಿಲ್ಲ. ಚುಕ್ಕೆ ಏನೂ ತಪ್ಪು ಮಾಡಿರಲಿಲ್ಲ, ಚುಕ್ಕೆಯಿಲ್ಲದವು ಯಾವ ಪುಣ್ಯವನ್ನೂ ಕಟ್ಟಿಕೊಂಡಿರಲಿಲ್ಲ. ಆದರೂ ಇಡೀ ಗುಂಪು ಬದಲಾಗಿಬಿಡುತ್ತದೆ.

ಆದರೆ ಇದು ಇಷ್ಟು ಬೇಗ ಆಗುವುದು ಮೀನು ಬೆರಳೆಣಿಕೆಯಷ್ಟಿದ್ದಾಗ. ನೂರಾರು ಇದ್ದರೆ ಒಂದರ ದುರದೃಷ್ಟವನ್ನು ಇನ್ನೊಂದರ ಅದೃಷ್ಟ ಸರಿದೂಗಿಸುತ್ತದೆ. ಅಣ್ಣನ ಪುಸ್ತಕ ಈಗ ನನ್ನ ಮುಂದಿದೆ. ನಾಲ್ಕನೆಯ ತೊಟ್ಟಿ: ೧೪೧, ೧೩೮, ೧೪೪, ೧೩೬. ಒಂಬತ್ತು ವರ್ಷದಲ್ಲಿ ನೂರಮೂವತ್ತೊಂದಕ್ಕಿಂತ ಕೆಳಗೆ ಇಳಿದೇ ಇಲ್ಲ. ಹಾಗಾಗಿ ಆಕಸ್ಮಿಕದ ಮಾತು ಇಲ್ಲಿ ನಿಲ್ಲುವುದಿಲ್ಲ. ಆಯ್ಕೆಯೇ. ಅಣ್ಣನ ಅಂಕಿಗಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಗುಬ್ಬಿ

•

ಮೇ ೩೦

ಅತ್ತಿಗೆ,

ಏಳು ವಾರವಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ದಿನಚರಿ ಕೇಳಿ ನಿಮ್ಮ ಮನಸ್ಸು ನೋಯಿಸಿದೆನೇನೋ. ಆ ಅಕ್ಷರ ನೋಡಿ ನಾನೇ ಎರಡು ಸಲ ಪುಸ್ತಕ ಮುಚ್ಚಿಟ್ಟೆ, ನಿಮಗೆ ಹೇಗಾಗಿರಬೇಡ. ಬೇಕೆಂದಾಗ ಬರೆಯಿರಿ.

ಇಲ್ಲಿ ಒಳ್ಳೆಯ ಸುದ್ದಿ. ಹೊಳೆಗೆ ಮತ್ತೆ ನೀರು ಬಿಡುವುದು ಗಟ್ಟಿಯಾಗಿದೆ, ಸೆಪ್ಟೆಂಬರಿನಲ್ಲಿ. ನಮ್ಮ ಮೀನು ತನ್ನ ಮನೆಗೆ ವಾಪಸು ಹೋಗುತ್ತದೆ. ಈ ಬಿಡುಗಡೆ ಯೋಜನೆಯ ಸಮಿತಿಯವರು ನನ್ನ ಪ್ರಬಂಧದ ಕರಡು ಓದಿ ಮೆಚ್ಚಿದ್ದಾರೆ.

ಗುಬ್ಬಿ

•

ಜೂನ್ ೯

ಗುಬ್ಬಿ,

ನಿನ್ನೆ ಒಬ್ಬ ಅಳತೆ ಪಟ್ಟಿ ಹಿಡಿದುಕೊಂಡು ಬಂದ. ಕೇಂದ್ರದ ಒಳಗೆಲ್ಲ ಓಡಾಡಿ ಒಂದು, ಎರಡು, ಮೂರನೆಯ ತೊಟ್ಟಿಗಳ ಜಾಗ ಅಳೆದ. "ಏನಪ್ಪಾ ಇದು?" ಅಂದೆ. "ಇಲ್ಲಿ ಕಡತದ ಕಪಾಟು ಬರ್ತವೆ ಅಮ್ಮ. ಅಕ್ಟೋಬರಿಗೆ ಖಾಲಿ ಮಾಡ್ಬೇಕಂತಲ್ಲ, ನಿಮಗೆ ಹೇಳಿಲ್ವಾ?" ಅಂದ.

ನನಗೆ ಯಾರೂ ಹೇಳಿಲ್ಲ. ಹೊಳೆಗೆ ಯಾವ ಮೀನು ಬಿಡುತ್ತೀರಿ? ಉಳಿದ ಮೀನನ್ನು ಏನು ಮಾಡುತ್ತೀರಿ? ಸುತ್ತಿ ಬಳಸಿ ಬರೆಯಬೇಡ.

ಅತ್ತಿಗೆ

•

ಜೂನ್ ೧೭

ಅತ್ತಿಗೆ,

ನಾನೇ ಬಂದು ಹೇಳಬೇಕು ಎಂದುಕೊಂಡು ದಿನ ತಳ್ಳಿದೆ. ತಪ್ಪು ನನ್ನದು.

ನಾಲ್ಕನೆಯ ತೊಟ್ಟಿಯ ಮೀನುಗಳನ್ನು ಮಾತ್ರ ಬಿಡುವುದು ಎಂದು ತೀರ್ಮಾನವಾಗಿದೆ. ಅವೇ ಗಟ್ಟಿ ತಳಿ ಎಂದು ಕರಡಿನಲ್ಲಿ ಬರೆದವನು ನಾನು. ಬದಲಾವಣೆಗೆ ಒಗ್ಗಿಕೊಂಡವು ಹೊಸ ಹೊಳೆಗೂ ಒಗ್ಗಿಕೊಳ್ಳುತ್ತವೆ ಎಂಬ ಲೆಕ್ಕ. ಉಳಿದ ಐದನ್ನು ಮುಂದುವರಿಸುವುದಿಲ್ಲ. ಕೇಂದ್ರವನ್ನು ಮುಚ್ಚುತ್ತಾರೆ. ನಿಮಗೆ ಬೇರೆ ಕಡೆ ಕೆಲಸ ಕೊಡಿಸಲು ಓಡಾಡುತ್ತಿದ್ದೇನೆ. ಅದಾಗುವವರೆಗೆ ನಿಮ್ಮ ಕಿವಿಗೆ ಬೀಳದಿರಲಿ ಎಂದಿದ್ದೆ.

ಗುಬ್ಬಿ

•

ಜೂನ್ ೨೧

ಗುಬ್ಬಿ,

ಇದನ್ನು ನಿಂತು ಓದಬೇಡ, ಕೂತು ಓದು.

ನಾಲ್ಕನೆಯ ತೊಟ್ಟಿಯ ಮೀನುಗಳು ಗಟ್ಟಿಯಲ್ಲ. ಅವು ಒಂದು ಬಕೆಟ್ಟಿನಲ್ಲಿ ಉಳಿದ ಏಳು ಮೀನಿನ ಮಕ್ಕಳು, ಮೊಮ್ಮಕ್ಕಳು.

ಐದು ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ಒಂದು ಮಂಗಳವಾರ ಬೆಳಗ್ಗೆ. ನಿನ್ನ ಅಣ್ಣ ನೀರು ಅರ್ಧ ಇಳಿಸಿ ತೊಟ್ಟಿಯ ತಳದ ಕಲ್ಲು ಉಜ್ಜಲು ಕೂತಿದ್ದರು. ಮೂಲೆಯಲ್ಲಿ ಕೈಗೆ ಅಡ್ಡ ಬರುತ್ತಿದ್ದ ಮೀನುಗಳನ್ನು ಒಂದು ಸಲ ಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಿಕೊಂಡರು. ಏಳು ಬಂದವು. ಎಂಟನೆಯದು ಬಲೆಯ ಅಂಚಿನಿಂದ ಜಾರಿ ವಾಪಸು ತೊಟ್ಟಿಗೆ ಬಿತ್ತು ಎಂದು ಆಮೇಲೆ ನೂರು ಸಲ ಹೇಳಿದ್ದಾರೆ.

ಕಲ್ಲು ಉಜ್ಜಿ, ನೀರು ತುಂಬಲು ನಲ್ಲಿ ತಿರುಗಿಸಿದರು. ಗೋಡೆಯಲ್ಲಿ ಎರಡು ನಲ್ಲಿ ಇರುವುದು ನಿನಗೆ ಗೊತ್ತು. ಒಂದು ಎರಡು ದಿನ ತೆರೆದಿಟ್ಟ ನೀರಿನದು, ಇನ್ನೊಂದು ನೇರ ಬೀದಿ ಕೊಳವೆಯದು. ಬೀದಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ನಮಗೆ ಒಳ್ಳೆಯದು, ಮೀನಿಗೆ ವಿಷ. ತಲೆ ಸುತ್ತು ಬಂದು ಅವರು ಆ ಬೀದಿ ನಲ್ಲಿ ತಿರುಗಿಸಿದರು. ಹಾಗೇ ಮೆಟ್ಟಿಲ ಮೇಲೆ ಕೂತರು. ಎಷ್ಟು ಹೊತ್ತು ಕೂತಿದ್ದರೋ ಅವರಿಗೇ ಗೊತ್ತಿಲ್ಲ.

ನಾನು ಮನೆಯ ಹಿಂದೆ ಬಟ್ಟೆ ಹಿಂಡುತ್ತಿದ್ದೆ. ಹಿತ್ತಲ ಬಾಗಿಲಿಗೆ ಬಂದು ನಿಂತರು. ಮುಖ ನೋಡಿ ಬಟ್ಟೆ ಅಲ್ಲೇ ಬಿಟ್ಟು ಓಡಿದೆ. ಹೋಗಿ ನೋಡಿದರೆ ತೊಟ್ಟಿಯ ತುಂಬ ಬಿಳಿ ಹೊಟ್ಟೆಗಳು ತೇಲುತ್ತಿದ್ದವು.

"ತಲೆ ಸುತ್ತಿತು ಕಣೇ. ಎರಡನೇ ಸಲ ಇದು."

"ಮೊದಲನೇ ಸಲ ಯಾವಾಗ?"

"ಯಾರಿಗೂ ಹೇಳ್ಬೇಡ. ತಲೆಸುತ್ತು ಅಂತ ಗೊತ್ತಾದ್ರೆ ನೀರಿನ ಹತ್ರ ನನ್ನ ನಿಲ್ಲಿಸಲ್ಲ. ಇದು ಬಿಟ್ರೆ ನಂಗೆ ಬೇರೆ ಏನು ಬರುತ್ತೆ ಹೇಳು?"

ನಾನು ಯಾರಿಗೂ ಹೇಳಲಿಲ್ಲ. ಪಂಪಿನ ಕೋಣೆಯ ಹಿಂದೆ ಇಬ್ಬರೂ ಗುಂಡಿ ತೋಡಿದೆವು. ತೊಟ್ಟಿ ತೊಳೆದು, ಸರಿಯಾದ ನೀರು ತುಂಬಿಸಿ, ಮೂರನೆಯ ದಿನ ಆ ಏಳನ್ನು ಬಿಟ್ಟರು. ಅದೇ ದಿನ ಪುಸ್ತಕದಲ್ಲಿ ನೂರಮೂವತ್ತೆಂಟು ಎಂದು ಬರೆದರು. ಸುಳ್ಳು ಬರೆಯುವಾಗಲೂ ದುಂಡಗೆ ನೂರನಲವತ್ತು ಎಂದು ಬರೆಯಲು ಅವರಿಗೆ ಮನಸ್ಸು ಬರಲಿಲ್ಲ, ನೋಡು.

ಏಳರಲ್ಲಿ ಎರಡಕ್ಕೆ ಚುಕ್ಕೆ ಇತ್ತು. ಒಂದು ಆ ವಾರವೇ ಸತ್ತಿತು. ಇನ್ನೊಂದು ಮೊಟ್ಟೆಯಿಡುವ ಮೊದಲೇ ತೊಟ್ಟಿಯಿಂದ ಹಾರಿ ನೆಲಕ್ಕೆ ಬಿತ್ತು. ಲೆಕ್ಕಕ್ಕೆ ಉಳಿದದ್ದು ಐದು. ಆ ಐದು ದಪ್ಪಗಾದದ್ದು ಯೋಗ್ಯತೆಯಿಂದಲ್ಲ. ನೂರನಲವತ್ತು ಮೀನಿನ ಜಾಗದಲ್ಲಿ ಐದೇ ಇದ್ದರೆ ಯಾರಾದರೂ ದಪ್ಪಗಾಗುತ್ತಾರೆ. ಅವುಗಳ ಮರಿಗಳನ್ನು ನಿನ್ನ ಅಣ್ಣ ಒಂದೊಂದೇ ಕಾದು ಎರಡು ವರ್ಷದಲ್ಲಿ ತೊಟ್ಟಿ ತುಂಬಿಸಿದರು. ಆಮೇಲೆ ಪುಸ್ತಕದ ಅಂಕಿ ನಿಜವಾಯಿತು.

ನನ್ನ ಸುಳ್ಳೂ ಒಂದಿದೆ. ಆ ತೊಟ್ಟಿಯಲ್ಲಿ ಬೆನ್ನು ಡೊಂಕಾದ ಮರಿಗಳು ಹುಟ್ಟುತ್ತವೆ, ಉಳಿದ ಐದರಲ್ಲಿ ಇಲ್ಲ. ಅವನ್ನು ನಾನು ತೆಗೆದುಹಾಕುತ್ತೇನೆ, ಪುಸ್ತಕದಲ್ಲಿ ಬರೆಯುವುದಿಲ್ಲ. ಬರೆದರೆ ಯಾಕೆ ಎಂದು ಕೇಳುತ್ತಾರಲ್ಲ.

ಏಳು ವಾರ ಬರೆಯಲಿಲ್ಲ ಎಂದು ನೀನು ನನ್ನ ಮೇಲೆ ಕನಿಕರಪಟ್ಟೆ. ನಾನು ಅಳುತ್ತಿರಲಿಲ್ಲ ಗುಬ್ಬಿ, ಹೆದರಿದ್ದೆ. ನೀನು ದಿನಚರಿ ಕೇಳಿದ್ದು ಅನುಮಾನ ಬಂದೇ ಎಂದುಕೊಂಡಿದ್ದೆ. ಆ ದಿನ ನಾನು ಬಾಯಿಬಿಟ್ಟಿದ್ದರೆ ಯಾರಾದರೂ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಎರಡು ವರ್ಷದ ನಂತರ ಅದೇ ಮೆಟ್ಟಿಲ ಮೇಲೆ ಅವರು ಬೀಳುತ್ತಿರಲಿಲ್ಲ. ಮೀನಿನ ವಿಷಯ ಹೇಳಲು ಹೊರಟರೆ ಇದನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ಬೇಕಾಯಿತು.

ಅತ್ತಿಗೆ

•

ಜೂನ್ ೨೭

ಅತ್ತಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ.

ಅಣ್ಣ ಸುಳ್ಳು ಬರೆಯುವವನಲ್ಲ. ಚಿಕ್ಕಂದಿನಲ್ಲಿ ನಾನು ಒಡೆದ ಗಾಜಿಗೂ ತಾನೇ ಒಡೆದೆ ಎಂದು ಪೆಟ್ಟು ತಿಂದವನು. ಕೇಂದ್ರ ಮುಚ್ಚಬಾರದು ಎಂಬುದಕ್ಕಾಗಿ ನೀವು ಇದನ್ನು ಹೇಳುತ್ತಿದ್ದೀರಾ? ಹೀಗೆ ಕೇಳಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಆದರೆ ಕೇಳುತ್ತಿದ್ದೇನೆ.

•

ಜುಲೈ ೩

ಗುಬ್ಬಿ,

ನೀನು ಒಡೆದ ಗಾಜಿಗೆ ಅವರು ತಾವೇ ಒಡೆದದ್ದು ಎಂದು ಹೇಳಿದ್ದು ಸುಳ್ಳಲ್ಲದೆ ಮತ್ತೇನು? ಸುಳ್ಳು ಅವರಿಗೆ ಬರುತ್ತಿತ್ತು.

ನನ್ನನ್ನು ನಂಬಬೇಡ. ಬಾಲದ ಚೂರಿನಲ್ಲಿ ಏಳು ತಲೆಮಾರಿನ ಕಥೆ ಓದಬಹುದು ಎಂದು ನೀನೇ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಓದು. ಇದರ ಜೊತೆ ಕಳಿಸಿರುವ ಸೀಸೆಯಲ್ಲಿ ಡೊಂಕು ಬೆನ್ನಿನ ಮರಿ ಮೂರು ಇವೆ, ಅವನ್ನೂ ನೋಡು.

ಕೆಲಸ ಹೋದರೆ ಹೊಲಿಗೆಯವಳ ಜೊತೆ ಗುಂಡಿ ಹೊಲಿಯಲು ಕೂರುತ್ತೇನೆ, ಅವಳು ಕೇಳಿ ವರ್ಷವಾಯಿತು. ಅದರ ಚಿಂತೆ ನಿನಗೆ ಬೇಡ.

ಅತ್ತಿಗೆ

•

ಆಗಸ್ಟ್ ೨

ಅತ್ತಿಗೆ,

ಒಂದು ತಿಂಗಳು ಸುಮ್ಮನಿದ್ದೆ. ಮೊದಲ ವಾರ ಸಿಟ್ಟಿನಿಂದ, ಆಮೇಲೆ ಕೆಲಸದಿಂದ, ಕೊನೆಯ ವಾರ ಮುಖವಿಲ್ಲದೆ.

ನೀವು ಕಳಿಸಿದ ಚೂರುಗಳಲ್ಲಿ ನಾನು ಚುಕ್ಕೆಯ ಜೀನನ್ನು ಮಾತ್ರ ನೋಡಿದ್ದೆ. ಉಳಿದದ್ದೆಲ್ಲ ಕಂಪ್ಯೂಟರಿನಲ್ಲಿ ಹಾಗೇ ಬಿದ್ದಿತ್ತು. ಮೀನಿನ ಡಿಎನ್‌ಎ ಎಂಬ ಉದ್ದನೆಯ ಬರಹದಲ್ಲಿ ಸಾವಿರಾರು ಜಾಗಗಳಿವೆ, ಅಲ್ಲಿ ಒಂದು ಅಕ್ಷರ ಬದಲಾದರೂ ಮೀನಿಗೆ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ನಿಸರ್ಗ ಆರಿಸಲು ಅಲ್ಲಿ ಏನೂ ಇಲ್ಲ. ಅಂಥ ಇನ್ನೂರು ಜಾಗ ತೆಗೆದು ನೋಡಿದೆ. ಐದು ತೊಟ್ಟಿಗಳಲ್ಲಿ ಹೆಚ್ಚಿನ ಕಡೆ ಎರಡೆರಡು ಬಗೆ ಇನ್ನೂ ಇವೆ. ನಾಲ್ಕನೆಯದರಲ್ಲಿ ನೂರಕ್ಕೂ ಹೆಚ್ಚು ಕಡೆ ಒಂದೇ ಬಗೆ ಉಳಿದಿದೆ. ಚುಕ್ಕೆ ಕೆಟ್ಟದ್ದೆಂದು ಹೋಗಿದ್ದರೆ ಅದರ ಅಕ್ಕಪಕ್ಕದಲ್ಲಷ್ಟೇ ಹೀಗಾಗಬೇಕಿತ್ತು. ಇಲ್ಲಿ ಯಾರ ತಂಟೆಗೂ ಹೋಗದ ಅಕ್ಷರಗಳೂ ಗುಂಪುಗುಂಪಾಗಿ ಮಾಯವಾಗಿವೆ. ಒಂದೇ ಒಂದು ಸಲ, ಯೋಗ್ಯತೆ ಕೇಳದೆ, ಎಲ್ಲವನ್ನೂ ಬಳಿದುಕೊಂಡು ಹೋದ ಹಾಗೆ.

ಎಷ್ಟು ಮೀನಿನಿಂದ ಶುರುವಾದರೆ ಇಷ್ಟು ಕಳೆದುಹೋಗುತ್ತದೆ ಎಂದು ಲೆಕ್ಕ ಹಾಕಿದೆ. ನಾಲ್ಕರಿಂದ ಆರು ಎಂದು ಬಂತು. ನೀವು ಐದು ಎಂದಿದ್ದಿರಿ. ಮತ್ತೊಮ್ಮೆ ಲೆಕ್ಕ ಹಾಕಿದೆ, ಅದೇ ಬಂತು.

ನಿಮ್ಮನ್ನು ಹಾಗೆ ಕೇಳಿದ್ದು ನನ್ನ ತಪ್ಪು, ಕ್ಷಮಿಸಿ.

ನಮ್ಮ ಮುಖ್ಯಸ್ಥೆಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ಈ ಇನ್ನೂರು ಜಾಗ ಆರು ತಿಂಗಳ ಹಿಂದೆಯೂ ಇದ್ವಲ್ಲ?" ಅಂದರು. "ಇದ್ವು ಮೇಡಂ. ನಾನು ನನಗೆ ಬೇಕಾದ್ದನ್ನ ಮಾತ್ರ ನೋಡ್ತಿದ್ದೆ" ಅಂದೆ. ಪ್ರಬಂಧ ವಾಪಸು ತೆಗೆದುಕೊಂಡಿದ್ದೇನೆ. ಯೋಜನೆಯ ಹೊಣೆ ನನ್ನ ಕೈಯಿಂದ ಹೋಗಿದೆ. ಹೋಗಬೇಕಾದ್ದೇ.

ಆದರೆ ಒಂದು ವಿಷಯ ಕೇಳಿ. ಉಳಿದ ಐದು ತೊಟ್ಟಿಗಳೂ ಸ್ವಲ್ಪ ಸ್ವಲ್ಪ ಕಳೆದುಕೊಂಡಿವೆ, ಒಂದೊಂದೂ ಬೇರೆ ಬೇರೆಯದನ್ನು. ಎರಡನೆಯದು ಬಿಟ್ಟದ್ದು ಐದನೆಯದರಲ್ಲಿದೆ, ಆರನೆಯದರಲ್ಲಿ ಅಳಿದದ್ದು ಒಂದನೆಯದರಲ್ಲಿ ಉಳಿದಿದೆ. ಎಲ್ಲವನ್ನೂ ಸೇರಿಸಿದರೆ ಮೊದಲಿನ ಹೊಳೆ ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ. ಹಾಗಾಗಿ ಆರೂ ತೊಟ್ಟಿಗಳನ್ನು ಬೆರೆಸಿ ಬಿಡುವುದು ಎಂದು ತೀರ್ಮಾನವಾಗಿದೆ. ಮೂರು ತೊಟ್ಟಿ ಎರಡು ವರ್ಷ ಮುಂದುವರಿಯುತ್ತವೆ, ನೋಡಿಕೊಳ್ಳಲು ನೀವೇ ಇರುತ್ತೀರಿ. ನಾಲ್ಕನೆಯದನ್ನು ಮಾತ್ರ ಬಿಟ್ಟಿದ್ದರೆ ಆ ಡೊಂಕು ಬೆನ್ನು ಹೊಳೆ ಪೂರ್ತಿ ಹಬ್ಬುತ್ತಿತ್ತು. ನಿಮ್ಮ ಕಾಗದ ನಾಲ್ಕು ತಿಂಗಳು ತಡವಾಗಿದ್ದರೆ ಉಳಿದ ಐದು ತೊಟ್ಟಿ ಚರಂಡಿಗೆ ಹೋಗಿರುತ್ತಿದ್ದವು.

ನಾನು ನಿಮಗೆ ಹೇಳದ ಇನ್ನೊಂದಿದೆ. ಅಣ್ಣ ಫೋನು ಮಾಡಿ ಮೀನು ದಪ್ಪ ಬೆಳೆದಿವೆ ಎಂದ ದಿನ, "ಒಂದ್ಸಲ ಬಾರೋ, ನಾಲ್ಕನೇ ತೊಟ್ಟಿ ನೋಡ್ಕೊಂಡು ಹೋಗು, ನಿನ್ ಹತ್ರ ಒಂದು ಮಾತಾಡ್ಬೇಕು" ಅಂದಿದ್ದ. ಪರೀಕ್ಷೆಯ ಪತ್ರಿಕೆಗಳ ರಾಶಿಯಿದೆ, ಮುಂದಿನ ತಿಂಗಳು ಬರ್ತೀನಿ ಅಂದೆ. ಹೋಗಲಿಲ್ಲ. ನೀವು ಬಾಯಿಬಿಡಲಿಲ್ಲ ಎಂದು ನಿಮ್ಮನ್ನು ನೀವು ಬೈದುಕೊಳ್ಳುತ್ತೀರಿ. ಅವನೇ ಬಾಯಿಬಿಡಲು ಬಂದಾಗ ಕೇಳಿಸಿಕೊಳ್ಳದವನು ನಾನು. ಈ ಭಾರವನ್ನು ನೀವೊಬ್ಬರೇ ಹೊರುವ ಹಾಗಿಲ್ಲ.

ವರದಿಯಲ್ಲಿ ಆ ದಿನದ ಬಗ್ಗೆ ಬರೆಯಲೇಬೇಕು. ಹೀಗೆ ಬರೆದಿದ್ದೇನೆ: "ಐದು ವರ್ಷಗಳ ಹಿಂದೆ ಪಾಲಕರು ತಪ್ಪು ನಲ್ಲಿ ತೆರೆದದ್ದರಿಂದ ನಾಲ್ಕನೆಯ ತೊಟ್ಟಿಯ ಮೀನುಗಳು ಸತ್ತವು, ಬಕೆಟ್ಟಿನಲ್ಲಿದ್ದ ಏಳು ಉಳಿದವು, ದಿನಚರಿಯಲ್ಲಿ ಇದನ್ನು ಮರೆಮಾಚಲಾಯಿತು, ಉಳಿದವುಗಳಿಂದ ಅದೇ ಪಾಲಕರು ಎರಡು ವರ್ಷಗಳಲ್ಲಿ ತೊಟ್ಟಿಯನ್ನು ಮತ್ತೆ ತುಂಬಿಸಿದರು." ಒಂದು ಪದವನ್ನೂ ಮೆತ್ತಗೆ ಮಾಡಿಲ್ಲ. ನಿಮಗೆ ಒಪ್ಪಿಗೆಯೇ?

ಅಮ್ಮನಿಗೆ ಹೇಳಬೇಕೋ ಬೇಡವೋ, ನೀವು ಹೇಳಿದ ಹಾಗೆ.

ಗುಬ್ಬಿ

•

ಆಗಸ್ಟ್ ೧೦

ಗುಬ್ಬಿ,

ಒಪ್ಪಿಗೆ. "ತಲೆ ಸುತ್ತು ಬಂದು" ಎಂಬುದನ್ನು ಸೇರಿಸು. ಮೆತ್ತಗೆ ಮಾಡಲಿಕ್ಕಲ್ಲ, ಅದು ನಡೆದದ್ದು.

ಅತ್ತೆಯ ವಿಷಯ ನನಗೆ ಬಿಡು. ಬಿಡುಗಡೆಯ ದಿನಕ್ಕೆ ಬಾ. ಮುಂದಿನ ತಿಂಗಳು ಎನ್ನಬೇಡ.

ಅತ್ತಿಗೆ

•

ಸೆಪ್ಟೆಂಬರ್ ೨೪

ಗುಬ್ಬಿ,

ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತೇ? ನೀನು ಎರಡು ದಿನ ಇದ್ದು ಹೋದದ್ದಕ್ಕೆ ಮನೆ ಇನ್ನೂ ಸದ್ದು ಮಾಡುತ್ತಿದೆ.

ಮೀನು ಬಿಟ್ಟ ಮಾರನೆಯ ದಿನ, ನೀನು ಬಸ್ಸು ಹತ್ತಿದ ಮೇಲೆ, ಒಬ್ಬಳೇ ಹೊಳೆಗೆ ಹೋಗಿದ್ದೆ. ಬಿಟ್ಟ ಜಾಗದಲ್ಲಿ ಒಂದೂ ಇರಲಿಲ್ಲ. ಹೆದರಿದೆ. ಆಮೇಲೆ ನೋಡಿದರೆ ಸ್ವಲ್ಪ ಕೆಳಗೆ, ನೀರು ನಿಧಾನವಾಗುವ ಕಡೆ, ಬೇರಿನ ಸಂದಿಯಲ್ಲಿ ಒಂದು ಹಿಂಡು ತಲೆ ಎದುರು ಮಾಡಿಕೊಂಡು ನಿಂತಿತ್ತು. ಚುಕ್ಕೆಯವು ಇದ್ದವು, ಇಲ್ಲದವೂ ಇದ್ದವು. ಯಾವುದು ಯಾವ ತೊಟ್ಟಿಯದು ಎಂದು ಗುರುತಿಸಲು ನೋಡಿದೆ, ಆಗಲಿಲ್ಲ. ಒಂಬತ್ತು ವರ್ಷ ನಂಬರು ಹಾಕಿ ಇಟ್ಟಿದ್ದು ಒಂದೇ ದಿನದಲ್ಲಿ ಬೆರೆತುಹೋಯಿತು. ಒಂದು ಹಕ್ಕಿ ಬಂದು ಎರಡನ್ನು ಎತ್ತಿಕೊಂಡು ಹೋಯಿತು. ಕಲ್ಲು ಎಸೆಯಬೇಕು ಎನ್ನಿಸಿತು, ಎಸೆಯಲಿಲ್ಲ. ಇನ್ನು ಅವುಗಳ ಪಾಡು ಅವಕ್ಕೆ.

ಅಲ್ಲಿಂದ ಬಂದ ಧೈರ್ಯದಲ್ಲೇ ಅತ್ತೆಗೆ ಹೇಳಿದೆ.

ಅವರು ಮಂಚದ ಮೇಲೆ ಕಾಲು ನೀಡಿಕೊಂಡು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ರೇಡಿಯೊ ಆರಿಸಿ, ಪಕ್ಕದಲ್ಲಿ ಕೂತು, ನಲ್ಲಿಯ ವಿಷಯ, ತಲೆಸುತ್ತಿನ ವಿಷಯ, ಗುಂಡಿಯ ವಿಷಯ, ಪುಸ್ತಕದ ಸುಳ್ಳು, ನಾನು ಮುಚ್ಚಿಟ್ಟದ್ದು, ಒಂದೂ ಬಿಡದೆ ಹೇಳಿದೆ. ಅತ್ತೆ ಎಣ್ಣೆಯ ಬಟ್ಟಲನ್ನು ಕೈಯಲ್ಲಿ ಹಿಡಿದೇ ಇದ್ದರು. ನನ್ನನ್ನು ಬೈಯುತ್ತಾರೆ, ಇಲ್ಲ ಎದೆ ಬಡಿದುಕೊಳ್ಳುತ್ತಾರೆ, ಇಲ್ಲ ನಾನು ಸುಳ್ಳು ಹೇಳುತ್ತಿದ್ದೇನೆ ಎನ್ನುತ್ತಾರೆ ಎಂದು ಕಾದೆ. ಮೂರಕ್ಕೂ ನಾನು ತಯಾರಾಗಿದ್ದೆ.

ಅವರು ಕೇಳಿದರು, "ಆ ದಿನ ಅವನು ಊಟ ಮಾಡಿದ್ನೇನೇ?"

ಐದು ವರ್ಷದಲ್ಲಿ ಆ ಮಂಗಳವಾರವನ್ನು ಎಷ್ಟು ಸಲ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ನಲ್ಲಿ, ಬಕೆಟ್ಟು, ಮೆಟ್ಟಿಲು, ಗುಂಡಿ. ಊಟದ ಹತ್ತಿರ ನಾನು ಹೋಗಿಯೇ ಇರಲಿಲ್ಲ. ಸ್ವಲ್ಪ ತಡೆಯಿರಿ ಅತ್ತೆ ಅಂದೆ. ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ.

ಮಾಡಿದರು, ಗುಬ್ಬಿ. ಉಗುರಿನ ಸಂದಿಯ ಮಣ್ಣು ಹೋಗುವವರೆಗೆ ಕೈ ತೊಳೆದುಕೊಂಡು ಬಂದು ಕೂತರು. ಮೊದಲು ತಟ್ಟೆ ಸರಿಸಿದರು. ಆಮೇಲೆ ಎಳೆದುಕೊಂಡರು. ಬಿಸಿ ಅನ್ನಕ್ಕೆ ನಾನು ಸಾರು ಹಾಕಿದೆ. ಪೂರ್ತಿ ತಿಂದು, ತಲೆ ಎತ್ತದೆ, "ಇನ್ನೊಂಚೂರು ಹಾಕು" ಅಂದರು. ಹಾಕಿದೆ. ಅದನ್ನೂ ತಿಂದರು.

ಅತ್ತೆಗೆ ಹಾಗೇ ಹೇಳಿದೆ. "ಎರಡು ಸಲ ಹಾಕಿಸ್ಕೊಂಡ್ರು ಅತ್ತೆ."

"ಹಾಂ," ಅಂದರು. ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ಮಂಡಿ ಮುಂದೆ ಚಾಚಿದರು.

ಅತ್ತಿಗೆ